ಕೊಸರಿಲ್ಲದ ಪೈಪು

ನಮ್ಮ ಯಜಮಾನರಿಗೆ ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಮಂದ. ಮದುವೆಯಾಗಿ ಕೊಡಿಗೇನಹಳ್ಳಿಗೆ ಬಂದ ಹೊಸದರಲ್ಲಿ ನಾನು ಇದನ್ನು ಒಳ್ಳೆಯತನ ಎಂದುಕೊಂಡಿದ್ದೆ. ನಮ್ಮ ಪಾವಗಡದ ಕಡೆ ಗಂಡಸರು ತೆಲುಗಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಕೂಗಾಡಿ, ಬೀದಿಗೆಲ್ಲ ಕೇಳಿಸಿ, ಆಮೇಲೆ ಊಟಕ್ಕೆ ಕೂರುತ್ತಾರೆ. ಇವರು ನೋಡಿದರೆ ಸಾರಿಗೆ ಉಪ್ಪು ಕಮ್ಮಿಯಾದರೂ ಹೂಂ, ಜಾಸ್ತಿಯಾದರೂ ಹೂಂ. ಎಂಥ ಗಂಡ ಸಿಕ್ಕಿದನಪ್ಪಾ ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ತಿರುಗಿದೆ. ಹೇಳಬೇಕಾದ ಮಾತನ್ನು ನುಂಗಿಕೊಂಡವರು ಅದನ್ನು ಬೇರೆ ಯಾವುದರಲ್ಲೋ ಕಕ್ಕುತ್ತಾರೆ ಎಂದು ನನಗೆ ಆಗ ಯಾರೂ ಹೇಳಲಿಲ್ಲ.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ, ನರಸಿಂಹರಾಜು. ಬಸ್ ಸ್ಟ್ಯಾಂಡಿನ ಹಿಂದೆ ಇವರದೊಂದು ಅಂಗಡಿ ಇದೆ. ಔಷಧಿ ಹೊಡೆಯುವ ಪಂಪಿನ ಪೈಪು, ಟ್ರ್ಯಾಕ್ಟರ್ ಪೈಪು, ಜೆಸಿಬಿ ಪೈಪು, ಯಾವುದು ಒಡೆದರೂ ತಂದು ಇವರ ಮುಂದೆ ಎಸೆಯುತ್ತಾರೆ. ಅದು ಹೊಟ್ಟೆಪಾಡು. ಇನ್ನೊಂದು ಕೆಲಸ ಇವರಿಗೆ ಅಪ್ಪನಿಂದ ಬಂದದ್ದು. ನಮ್ಮ ಮಾವ ಕದರಪ್ಪನವರು ಉಸಿರು ಬಿಗಿಹಿಡಿದು ಬಾವಿಗೆ ಇಳಿದು, ಕಳಚಿ ಬಿದ್ದ ಮೋಟಾರಿಗೆ ಹಗ್ಗ ಕಟ್ಟಿ ಮೇಲೆ ಬರುತ್ತಿದ್ದರು. ಇವರು ಸ್ವಲ್ಪ ಮುಂದುವರಿದವರು. ಗೋವಾದಲ್ಲಿ ಪ್ರವಾಸಿಗಳನ್ನು ಸಮುದ್ರದೊಳಗೆ ಇಳಿಸಿ ಮೀನು ತೋರಿಸುವವರು ಬೇಡವೆಂದು ಮೂಲೆಗೆ ಹಾಕಿದ್ದ ಎರಡು ಸೆಟ್ಟುಗಳನ್ನು ಹೊತ್ತು ತಂದರು. ಬೆನ್ನಿಗೆ ಗಾಳಿ ಸಿಲಿಂಡರ್, ಅದರಿಂದ ಒಂದು ಪೈಪು, ಪೈಪಿನ ತುದಿಗೆ ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್. ಅದನ್ನು ತೊಟ್ಟು ಮೊದಲನೇ ಸಲ ಬಾವಿಕಟ್ಟೆಯ ಮೇಲೆ ನಿಂತಾಗ ನಮ್ಮತ್ತೆ ಬಾವಿಯ ಗಂಗಮ್ಮನಿಗೆ ಕೈಮುಗಿಯುವುದು ಬಿಟ್ಟು ಇವರಿಗೇ ಕೈಮುಗಿದುಬಿಟ್ಟರು.

ಸೆಟ್ಟೇನೋ ಬಂತು, ಅದರ ಪೈಪುಗಳು ಮಾತ್ರ ನನ್ನ ಹಿಮ್ಮಡಿಯ ಹಾಗೆ ಬಿರಿದಿದ್ದವು. ಕಂಪನಿಯ ಪೈಪು ತರಿಸಿದರೆ ಉದ್ದ ಸರಿಹೋಗುವುದಿಲ್ಲ. ಸಮುದ್ರದಲ್ಲಿ ಕೈಕಾಲು ಚಾಚಿ ಈಜುವವರಿಗೆ ಮಾಡಿದ ಅಳತೆ ಅದು. ನಮ್ಮ ಬಾವಿಯೊಳಗೆ ಸುತ್ತ ಕಲ್ಲು ಕಟ್ಟಡ, ನಡುವೆ ಕಬ್ಬಿಣದ ಪೈಪು, ಹಗ್ಗ, ಕೇಬಲ್ಲು. ಪೈಪು ಉದ್ದವಾಗಿ ಹೊರಗೆ ಬಾಗಿದ್ದರೆ ಯಾವುದಕ್ಕೋ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇವರು ತಾವೇ ಮಾಡಲು ಕೂತರು. ಗಾಳಿ ಎಳೆಯಲು ಆಗುವಂಥ ಒಳ್ಳೆಯ ಪೈಪನ್ನು ಬೆಂಗಳೂರಿನಿಂದ ಸುರುಳಿಯಲ್ಲಿ ತರಿಸುವುದು, ಬೇಕಾದ ಅಳತೆಗೆ ಕತ್ತರಿಸುವುದು, ಒಳಗೆ ಬಿಸಿನೀರು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸುವುದು. ಆ ಬಿಸಿನೀರಿಗೆ ನನ್ನ ಇಡ್ಲಿ ಪಾತ್ರೆಯೇ ಬೇಕು! ರಬ್ಬರಿನ ನಾತ ಹೋಗುವವರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನಾನು ಶಾಪ ಹಾಕುತ್ತಿದ್ದೆ. ಆಮೇಲೆ ಸಿರಾಕ್ಕೆ ಹೋಗಿ ಅಮಾನುಲ್ಲಾ ಭಾಯಿಯ ಅಂಗಡಿಯಲ್ಲಿ ಮಿಷನ್ನಿಗೆ ಕೊಟ್ಟು ಎರಡೂ ತುದಿಗೆ ತಿರುಪಿನ ಹಿತ್ತಾಳೆ ಬಳೆ ಒತ್ತಿಸಿಕೊಂಡು ಬರುತ್ತಿದ್ದರು. ಕೊನೆಗೆ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೋಡುವ ಹಾಗೆ, ಗಾಳಿ ತುಂಬಿಸಿ ನಮ್ಮ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದು ಕೂರುವುದು. ಒಂದು ಗುಳ್ಳೆ ಎದ್ದರೂ ಬಿಚ್ಚಿ ಮತ್ತೆ ಮೊದಲಿಂದ. ಸಿರಾ, ಕೊರಟಗೆರೆ ಕಡೆ ಬಾವಿಗೆ ಮುಳುಗಿ ಕೆಲಸ ಮಾಡುವವರೂ ತಮ್ಮ ಪೈಪು ತಂದು ಇವರ ಹತ್ತಿರವೇ ಮಾಡಿಸಿಕೊಳ್ಳತೊಡಗಿದರು.

ಇವರು ಟೇಪು ಹಿಡಿಯುತ್ತಿರಲಿಲ್ಲ. ತೊಡುವವರನ್ನು ಎದುರಿಗೆ ನಿಲ್ಲಿಸಿ, ಬೆನ್ನಿಂದ ಬಲಭುಜದ ಮೇಲೆ ಹಾಯ್ದು ಬಾಯಿಯವರೆಗೆ ಗೇಣು ಹಾಕುತ್ತಿದ್ದರು. ಅಷ್ಟು ಅಳತೆ ಆದಮೇಲೆ ನಾಲ್ಕು ಬೆರಳು ಸೇರಿಸಿ ಗುರುತು ಮಾಡುತ್ತಿದ್ದರು. ಅದಕ್ಕೆ ಕೊಸರು ಎನ್ನುತ್ತಿದ್ದರು. ಸಂತೆಯಲ್ಲಿ ಕಡಲೆಕಾಯಿ ಅಳೆದಮೇಲೆ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದೇ ಕೊಸರು. ನೀರೊಳಗೆ ಎಡಕ್ಕೆ ಕತ್ತು ತಿರುಗಿಸಬೇಕು, ಮೇಲೆ ಹಗ್ಗ ಎಲ್ಲಿದೆ ಎಂದು ನೋಡಬೇಕು, ಆಗ ಪೈಪು ಬಾಯನ್ನು ಎಳೆಯಬಾರದು. ಆ ನಾಲ್ಕು ಬೆರಳು ಬಿಟ್ಟು ಇವರು ಯಾರಿಗೂ ಪೈಪು ಮಾಡಿಕೊಟ್ಟವರಲ್ಲ. ಕಾಸು ಕೊಡದೆ ಓಡಿಹೋದವನಿಗೂ ಕೊಸರು ಹಾಕಿಯೇ ಕೊಟ್ಟಿದ್ದಾರೆ.

ನಮಗೆ ಒಬ್ಬಳೇ ಮಗಳು, ಸ್ಪಂದನಾ. ನಡೆಯಲು ಕಲಿತಷ್ಟೇ ಬೇಗ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಈಜಲು ಕಲಿತವಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅಪ್ಪನ ಎರಡನೇ ಸೆಟ್ಟು ಅವಳದೇ ಆಗಿತ್ತು. ಭಾನುವಾರ ಬಂತೆಂದರೆ ಅಪ್ಪ ಮಗಳು ಗಾಡಿ ಹತ್ತಿ ಯಾವುದೋ ತೋಟದ ಬಾವಿಗೆ ಹೋಗಿ ಮೋಟಾರು ಎತ್ತಿ, ಮೈಯೆಲ್ಲ ಪಾಚಿ ಮಾಡಿಕೊಂಡು, ಸೀಬೆಹಣ್ಣು ಕಚ್ಚುತ್ತಾ ಮನೆಗೆ ಬರುತ್ತಿದ್ದರು. ಇವರು ಅವಳ ಜೊತೆ ಮಾತ್ರ ಮಾತಾಡುತ್ತಿದ್ದರು ಎಂದು ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅವಳು ಈಗ ಮಧುಗಿರಿಯ ಒಂದು ಸ್ಕೂಲಿನಲ್ಲಿ ಆಟ ಆಡಿಸುವ ಟೀಚರು.

ಆದರೆ ಬಾವಿಗೆ ಬಿದ್ದವರ ಹೆಣ ಎತ್ತುವ ಕರೆ ಬಂದರೆ ಇವರು ಒಬ್ಬರೇ ಹೋಗುತ್ತಿದ್ದರು. ಪೊಲೀಸ್ ಸ್ಟೇಷನ್ನಿನಿಂದ ಫೋನು ಬರುತ್ತಿತ್ತು, ಇವರು ಸೆಟ್ಟು ಕಟ್ಟಿಕೊಳ್ಳುತ್ತಿದ್ದರು, ಸ್ಪಂದನಾ ಚಪ್ಪಲಿ ಮೆಟ್ಟಿಕೊಂಡರೆ ‘ನೀನು ಇರು’ ಎನ್ನುತ್ತಿದ್ದರು. ಯಾಕೆ ಎಂದು ಅವಳು ಕೇಳಿದರೆ ಗಾಡಿ ಒದೆಯುತ್ತಿದ್ದರು. ಗೌಡಗೆರೆ ಕಡೆಯ ಒಂದು ಬಾವಿಯಿಂದ ಬಂದ ದಿನ ನಾನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ, ಮುದ್ದೆ ಮುರಿಯಲಿಲ್ಲ, ಅಂಗಳದಲ್ಲಿ ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಲೇ ಇದ್ದರು.

ಅಷ್ಟರಲ್ಲಿ ಮಧುಗಿರಿಯಲ್ಲಿ ಕಿರಣ್ ಕುಮಾರ್ ಎನ್ನುವವರು ನೀರಿಗೆ ಮುಳುಗಿ ಹುಡುಕುವವರ ಒಂದು ತಂಡ ಕಟ್ಟಿದರು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಕೆರೆಗೋ ಕ್ವಾರಿ ಹೊಂಡಕ್ಕೋ ಯಾರಾದರೂ ಬಿದ್ದರೆ ಹೋಗುವ ತಂಡ. ಸೇರುವವರಿಗೆ ಒಂದು ಪರೀಕ್ಷೆ ಇಟ್ಟರು. ಸ್ವಂತ ಸೆಟ್ಟು ಇರುವವರು ಅದನ್ನೇ ತರಬಹುದು ಎಂದರು. ಸ್ಪಂದನಾ ಹೆಸರು ಕೊಟ್ಟು ಬಂದೇ ನಮಗೆ ಹೇಳಿದ್ದು.

ನಾನು ಸುಮ್ಮನಿರುವವಳಾ? ಒಲೆ ಮೇಲಿನ ಅನ್ನ ಸೀದುಹೋಗುವಷ್ಟು ಕೂಗಾಡಿದೆ.

“ಹೆಣ ಎತ್ತಕ್ಕೆ ಹೋಯ್ತೀನಿ ಅಂತೀಯಲ್ಲೇ, ನಾಳೆ ನಿನ್ನ ಯಾವನೇ ಮದ್ವೆ ಆಯ್ತಾನೆ?”

“ಹೆಣ ಎತ್ತೋನ ನೀನು ಮದ್ವೆ ಆಗ್ಲಿಲ್ವಾ?” ಎಂದಳು.

ಸೌಟು ಹಿಡಿದುಕೊಂಡೇ ನಕ್ಕುಬಿಟ್ಟೆ. ಆಮೇಲೂ ಎರಡು ದಿನ ಜಗಳ ಆಡಿದೆವು. ಅವಳು ನನ್ನ ಬೈದಳು, ನಾನು ಅವಳ ಬೈದೆ. ನಾನು ಊಟ ಬಿಡುತ್ತೇನೆ ಎಂದೆ, ಅವಳು ‘ಬುಡು, ಮುದ್ದೆ ಉಳೀತದೆ’ ಎಂದಳು. ಕೊನೆಗೆ ನನ್ನ ಸಿಟ್ಟೆಲ್ಲ ಕರಗಿ, ಹಾಳಾಗಿ ಹೋಗು, ಹುಷಾರಾಗಿ ಇಳಿ ಎಂದು ನಾನೇ ತಲೆಗೆ ಎಣ್ಣೆ ಹಚ್ಚಿದೆ. ಜಗಳ ಅಲ್ಲಿಗೆ ತೀರಿತು.

“ಅಪ್ಪಾ, ನೀನೇನಂತೀಯಾ?” ಎಂದು ಅವಳು ಅಪ್ಪನನ್ನೂ ಕೇಳಿದಳು. ಬೇರೆ ಯಾರು ಏನೆಂದರೂ ಅವಳಿಗೆ ಲೆಕ್ಕವಿರಲಿಲ್ಲ, ಆ ಒಂದು ಮಾತಿಗೆ ಕಾಯುತ್ತಿದ್ದಳು. ಅವಳ ಮುಖ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು.

“ಹೂಂ.”

“ಹೂಂ ಅಂದ್ರೆ?”

“ನಿನ್ನ ಪೈಪು ಬಿರುಕು ಬಿಟ್ಟದೆ ಅಂದಿದ್ಯಲ್ಲವ್ವ. ಹೊಸದು ಮಾಡ್ಕೊಡ್ತೀನಿ.”

ಅವಳು ಕುಣಿದಾಡಿಬಿಟ್ಟಳು. ಅಪ್ಪ ಪೈಪು ಮಾಡಿಕೊಡುತ್ತೇನೆ ಎಂದರೆ ಒಪ್ಪಿದ ಹಾಗೆಯೇ ಅಲ್ಲವೇ? ನಾನೂ ಹಾಗೆಯೇ ತಿಳಿದೆ.

ಅಂಗಳದಲ್ಲಿ ನಿಲ್ಲಿಸಿ ಅಳತೆ ತೆಗೆದರು. ಭುಜದ ಮೇಲೆ ಗೇಣು ಹಾಕಿದರು. ಅವಳು ಅಭ್ಯಾಸದಂತೆ ಎಡಕ್ಕೆ ಕತ್ತು ತಿರುಗಿಸಿದರೆ ‘ನೆಟ್ಟಗೆ ನಿಂತ್ಕೊ’ ಎಂದರು. ತೊಳೆದರು, ಒಣಗಿಸಿದರು, ಸಿರಾಕ್ಕೆ ಹೋಗಿ ಬಂದರು, ತೊಟ್ಟಿಯಲ್ಲಿ ಮುಳುಗಿಸಿ ಹಿಡಿದು ಕೂತರು. ಗುಳ್ಳೆ ಏಳಲಿಲ್ಲ. ಅಷ್ಟು ಚೊಕ್ಕವಾದ ಪೈಪನ್ನು ಅವರು ಅದಕ್ಕೂ ಮುಂಚೆ ಮಾಡಿದ್ದು ನಾನು ನೋಡಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಹೊತ್ತಿಗೆ ಅವಳ ಕೈಗೆ ಕೊಟ್ಟರು. ಅವಳು ಕಾಲಿಗೆ ಬಿದ್ದು ಓಡಿದಳು.

ಮಧ್ಯಾಹ್ನ ವಾಪಸು ಬಂದಳು. ಕೂದಲು ಇನ್ನೂ ಒದ್ದೆ. ಹೇಗಾಯಿತು ಎಂದರೆ ‘ಫೇಲು’ ಎಂದಳು. ಕಲ್ಯಾಣಿಯಲ್ಲಿ ಇಳಿದು, ಕೆಸರಿನಲ್ಲಿ ಹುದುಗಿಸಿಟ್ಟಿದ್ದ ಕಬ್ಬಿಣದ ಉಂಗುರ ಹುಡುಕಿ, ಸೀಟಿ ಊದುವವರೆಗೆ ನೀರೊಳಗೇ ಇರಬೇಕಿತ್ತು. ಇವಳು ಇಳಿದಿದ್ದಾಳೆ. ಎಡಕ್ಕೆ ತಿರುಗಿ ಕೈಯಾಡಿಸುವಾಗ ಮೌತ್‌ಪೀಸ್ ಬಾಯಿಂದ ಕಿತ್ತು ಬಂದಿದೆ. ಮತ್ತೆ ಕಚ್ಚಿಕೊಂಡಿದ್ದಾಳೆ, ಮತ್ತೆ ಕಿತ್ತು ಬಂದಿದೆ. ನೀರು ಕುಡಿದು ಕೆಮ್ಮುತ್ತಾ ಮೇಲೆ ಬಂದುಬಿಟ್ಟಿದ್ದಾಳೆ. ಉಂಗುರ ಕೈಯಲ್ಲಿತ್ತಂತೆ, ಆದರೆ ಸೀಟಿಗೆ ಮುಂಚೆ ತಲೆ ಎತ್ತಿದವರನ್ನು ತಗೊಳ್ಳುವುದಿಲ್ಲ.

ಇದೆಲ್ಲ ಹೇಳುವಾಗ ಅವಳು ಅಳಲಿಲ್ಲ. ಇವರು ಅಂಗಳದ ಕಲ್ಲಿನ ಮೇಲೆ ಕೂತು ಯಾವುದೋ ಪಂಪು ಬಿಚ್ಚುತ್ತಿದ್ದರು. ಅವಳು ನಮ್ಮಿಬ್ಬರ ಮುಂದೆಯೇ ಒಣನೆಲದಲ್ಲಿ ಸೆಟ್ಟು ಬೆನ್ನಿಗೇರಿಸಿಕೊಂಡಳು. ಮೌತ್‌ಪೀಸ್ ಕಚ್ಚಿಕೊಂಡು ಎಡಕ್ಕೆ ತಿರುಗಿದಳು. ಪೈಪು ಬಿಗಿದು ತುಟಿಯ ಬಲಬದಿ ಎಳೆದುಕೊಂಡು ಹೊರಗೆ ಬಂತು. ಬೆರಳಿನಿಂದ ಪೈಪಿನ ಮೇಲೆ ಗೇಣು ಹಾಕುತ್ತಾ ಬಂದಳು, ಅಪ್ಪ ಹಾಕುವ ಹಾಗೆಯೇ.

“ಅಪ್ಪಾ, ಕೊಸರು ಎಲ್ಲಿ?”

ಇವರ ಕೈ ನಿಂತಿತು. ತಲೆ ಎತ್ತಲಿಲ್ಲ.

“ಕೊಸರು ಬುಟ್ಟು ನೀನು ಯಾರ್ಗೂ ಪೈಪು ಮಾಡಿದ್ದು ನಾನು ನೋಡಿಲ್ಲ. ಮರ್ತ್ಬುಟ್ಯಾ?”

ಮರೆತೆ ಎಂದಿದ್ದರೂ ಅವಳು ನಂಬುತ್ತಿದ್ದಳು. ಅಥವಾ ನಂಬಿದ ಹಾಗೆ ಮಾಡುತ್ತಿದ್ದಳು. ದೇವರಾಣೆಗೂ ಹೇಳುತ್ತೇನೆ, ಅಪ್ಪ ಒಂದು ಸುಳ್ಳು ಹೇಳಲಿ ಎಂದು ಅವಳು ಕಾದು ನಿಂತಿದ್ದಳು.

“ಹೂಂ ಅಂತಾನಾದ್ರೂ ಅನ್ನಪ್ಪ,” ಎಂದಳು.

ಅದನ್ನೂ ಅನ್ನಲಿಲ್ಲ. ಅವಳು ಸೆಟ್ಟು ಇಳಿಸಿ, ಪೈಪು ಬಿಚ್ಚಿ, ಒರೆಸಿ, ಸುತ್ತಿ, ಅವರ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅಷ್ಟು ಮೆತ್ತಗೆ ಇಟ್ಟಳಲ್ಲ, ಅದೇ ನನ್ನ ಎದೆ ಒಡೆದದ್ದು. ಎಸೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನಾನು ಸಂಜೆ ಅಂಗಡಿಗೇ ಹೋದೆ. ಗಿರಾಕಿಗಳಿದ್ದರೆ ಇರಲಿ, ಕೇಳಿಸಿಕೊಳ್ಳಲಿ ಎಂದು ನಿಂತು ಶುರು ಮಾಡಿದೆ.

“ಏನ್ರೀ, ಬೇಕು ಅಂತ ಮಾಡಿದ್ರಾ?”

“ಹೂಂ.”

“ನೀರೊಳಗೆ ಬಾಯಿಂದ ಕಿತ್ಕೊಂಡು ಮಗಳು ಸತ್ತಿದ್ರೆ?”

“ಹಿಂದಿನ ದಿನ ಹೋಗಿ ಕಲ್ಯಾಣಿ ನೋಡ್ಕೊಂಡು ಬಂದಿದ್ದೆ ಕಣೆ. ಮೆಟ್ಟಿಲ ಹತ್ರ ಎದೆಮಟ್ಟ ನೀರು. ಎದ್ದು ನಿಂತ್ರೆ ಆಯ್ತದೆ.” ಸುತ್ತಿಗೆ ಕೈಗೆತ್ತಿಕೊಂಡು ಮುಂದುವರಿಸಿದರು. ನಾನು ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಕೇಳಿದ್ದು ಅವತ್ತೇ ಮೊದಲು. “ಗೌಡಗೆರೆ ಬಾವೀಲಿ ಎತ್ತಿದ್ನಲ್ಲ, ಅದು ನಮ್ಮ ಸ್ಪಂದನಾ ವಾರಿಗೇದು. ಕೈಯಲ್ಲಿ ಗೋರಂಟಿ ಇತ್ತು. ನೀರಲ್ಲಿ ಅಷ್ಟು ದಿನ ಇದ್ರೂ ಹೋಗಿರ್ಲಿಲ್ಲ. ನನ್ನ ಕೈಗೆ ಮೊದ್ಲು ಸಿಕ್ಕಿದ್ದು ಆ ಕೈಯೇ. ಈಗ್ಲೂ ಕಣ್ಣು ಮುಚ್ಚಿದ್ರೆ ಅದೇ ಬತ್ತದೆ. ಅದು ಅವ್ಳ ಕಣ್ಣಿಗೆ ಬ್ಯಾಡ ಅಂತ.”

ಅಯ್ಯೋ ದೇವುಡಾ! ಅವರ ಮೇಲಿದ್ದ ಸಿಟ್ಟಿಗೆ ಅಳುವೂ ಸೇರಿಕೊಂಡಿತು.

“ಇದನ್ನ ಅವ್ಳಿಗೆ ಹೇಳಕ್ಕೆ ನಿಮ್ಗೇನಾಗಿತ್ತು?”

“ಹೇಳಿದ್ರೆ ಕೇಳ್ತಿದ್ಳಾ?”

“ಕೇಳ್ತಿರ್ಲಿಲ್ಲ! ನನ್ನ ಹತ್ರ ಆಡ್ದಂಗೆ ನಿಮ್ಮ ಹತ್ರಾನೂ ಜಗಳ ಆಡ್ತಿದ್ಳು. ಆಡ್ಲಿ! ಆಡಿ ಹೋಗೋಳು, ಹೋಗಿ ಬರೋಳು. ಮನೆಗೆ ಬಂದು ನಿಮ್ಮ ಪಕ್ಕ ಕೂತ್ಕೊಳೋಳು.”

ಅವರು ಸುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಪ್ಪಾಯಿತು ಎಂದು ಅವಳ ಮುಂದೆ ಹೇಳಿ ಎಂದೆ. ಹೂಂ ಎಂದರು. ಹೇಳಲಿಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಾನು ಕಾದೆ.

ಹೇಳುವುದರ ಬದಲು ಪೈಪು ಮಾಡಿದರು. ಮೊದಲು ಆ ಗಿಡ್ಡ ಪೈಪಿಗೇ ತುಂಡು ಸೇರಿಸಲು ನೋಡಿದರು. ನಡುವೆ ಜೋಡಿಸಿದರೆ ಆ ಜಾಗ ಭಾರವಾಗಿ ಜೋತುಬೀಳುತ್ತಿತ್ತು. ಬಿಸಾಡಿ ಹೊಸದಕ್ಕೆ ಕೈಹಾಕಿದರು. ಅವಳ ಹಳೆಯ ಅಂಗಿ ತೆಗೆದು ಮೊಳೆಗೆ ನೇತುಹಾಕಿ ಅದರ ಮೇಲೆ ಗೇಣು ಹಾಕಿದರು, ಅವಳನ್ನು ಕರೆದು ನಿಲ್ಲಿಸಲು ಧೈರ್ಯವಿಲ್ಲದೆ. ಈ ಸಲ ನಾಲ್ಕು ಬೆರಳು ಕೊಸರು ಇತ್ತು. ಮಾಡಿ ಅವಳ ಕೋಣೆಯ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದರು.

ಅವಳು ನೋಡಿದಳು. ‘ಚೆನ್ನಾಗೈತೆ ಅಪ್ಪ’ ಎಂದಳು. ಶುಕ್ರವಾರ ಮನೆ ಗುಡಿಸುವಾಗ ಅದರ ಮೇಲಿನ ಧೂಳೂ ಒರೆಸುತ್ತಿದ್ದಳು. ತೆಗೆದು ಬಾಯಿಗೆ ಮಾತ್ರ ಇಡಲಿಲ್ಲ. ಸಂಬಳ ಬಂದಾಗ ಬೆಂಗಳೂರಿಗೆ ಹೋಗಿ ಕಂಪನಿಯ ಪೈಪು ತಂದಳು. ಅಪ್ಪನ ಜೊತೆ ಮಾತು ಬಿಟ್ಟಳೇ? ಇಲ್ಲ. ಕಾಫಿ ಕೊಡುತ್ತಾಳೆ, ಅಪ್ಪಾ ಗಾಡಿಗೆ ಪೆಟ್ರೋಲು ಹಾಕಿಸಿದೀಯಾ ಎನ್ನುತ್ತಾಳೆ, ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಭಾನುವಾರ ಮೋಟಾರು ಎತ್ತಲು ಕರೆದರೆ ಮಾತ್ರ ಸ್ಕೂಲಿನ ಕೆಲಸ ಇದೆ ಎನ್ನುತ್ತಾಳೆ. ಅವರು ಒಬ್ಬರೇ ಹೋಗಿ ಒಬ್ಬರೇ ಬರುತ್ತಾರೆ. ನನಗೆ ಜಗಳ ಗೊತ್ತು, ಮುನಿಸು ಗೊತ್ತು. ಈ ತಣ್ಣನೆಯ ಮರ್ಯಾದೆಗೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಅದೇ ತಂಡ ಮತ್ತೆ ಪರೀಕ್ಷೆ ಇಟ್ಟಿತು. ಪಾಸಾದಳು. ಊರಿಗೆಲ್ಲ ಮೈಸೂರುಪಾಕು ಹಂಚಿದವರು ಇವರೇ. ಹಂಚುವಾಗಲೂ ತಪ್ಪಾಯಿತು ಎನ್ನಲಿಲ್ಲ.

ಮೊದಲನೇ ಕರೆ ಬಂದದ್ದು ಕೊರಟಗೆರೆ ಕಡೆಯ ಒಂದು ಕ್ವಾರಿ ಹೊಂಡಕ್ಕೆ. ಬೈರಪ್ಪ ಎನ್ನುವ ಕುರಿ ಸಾಕುವವರು ಕುರಿ ಮೈ ತೊಳೆಯಲು ಇಳಿದು ಜಾರಿ ಹೋಗಿದ್ದರು. ಸ್ಪಂದನಾ ತಂಡದ ಜೀಪಿನಲ್ಲಿ ಹೊರಟಳು. ಅವಳು ಮೊದಲ ಸಲ ಇಳಿಯುವುದನ್ನು ನಾನು ನೋಡಲೇಬೇಕು ಎಂದು ಹಟ ಹಿಡಿದೆ. ಇವರು ಗಾಡಿ ತೆಗೆದರು. ಹೊರಡುವ ಮುಂಚೆ ಒಳಗೆ ಹೋಗಿ ಗೂಟದ ಮೇಲಿದ್ದ ಆ ಪೈಪು ತೆಗೆದು ಚೀಲಕ್ಕೆ ಹಾಕಿಕೊಂಡರು.

“ಅದ್ಯಾಕ್ರೀ?”

“ಇರ್ಲಿ.”

ಹೊಂಡದ ದಂಡೆಯಲ್ಲಿ ಜನ ಸೇರಿತ್ತು. ಸತ್ತವರ ಹೆಂಡತಿ ಕಲ್ಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಹೋಗಿ, ನೀರನ್ನೇ ನೋಡುತ್ತಿದ್ದಳು. ಇಬ್ಬರು ಇಳಿಯುವುದು ಎಂದಾಗಿತ್ತು, ಮೊದಲು ಸ್ಪಂದನಾ, ಅವಳ ಹಿಂದೆ ಅನಿಲ್ ಕುಮಾರ್ ಎಂಬ ಅವರ ತಂಡದವನು. ಸ್ಪಂದನಾ ನಮ್ಮನ್ನು ನೋಡಿ ಒಂದು ಸಣ್ಣ ನಗು ನಕ್ಕಳು. ಸೆಟ್ಟು ತೊಟ್ಟುಕೊಂಡಳು. ಗಾಳಿ ಬಿಟ್ಟಾಗ ಸುಂಯ್ ಎಂದು ಶಬ್ದ ಬಂತು. ಜೀಪಿನ ಹಿಂಬಾಗಿಲು ಹಾಕುವಾಗ ಯಾರೋ ಅವಳ ಪೈಪನ್ನು ಸಂದಿಗೆ ಸಿಕ್ಕಿಸಿಬಿಟ್ಟಿದ್ದರು. ತುದಿಯ ಹಿತ್ತಾಳೆ ಬಳೆಯ ಬುಡದಲ್ಲಿ ಸೀಳಿತ್ತು. ಬೇರೆಯ ಪೈಪು ತಂಡದವರ ಹತ್ತಿರ ಇರಲಿಲ್ಲ.

ಇವರು ಮುಂದೆ ಹೋಗಿ ಚೀಲದಿಂದ ಪೈಪು ತೆಗೆದರು. ಕಿರಣ್ ಕುಮಾರ್ ಅವರಿಗೆ ಇವರ ಕೆಲಸ ಗೊತ್ತಿತ್ತು. ತಾವೇ ಸಿಲಿಂಡರಿಗೆ ಹಾಕಿ, ನೀರಿನಲ್ಲಿ ಮುಳುಗಿಸಿ ನೋಡಿದರು. ಗುಳ್ಳೆ ಇಲ್ಲ. ಅವಳ ಭುಜದ ಮೇಲೆ ಇಟ್ಟು ನೋಡಿದರು.

“ಅಳತೆ ತಗೊಂಡು ಮಾಡಿದಂಗಿದೆಯಲ್ಲಮ್ಮ. ಹಾಕ್ಕೋ, ಇಳಿ,” ಎಂದರು.

ಸ್ಪಂದನಾ ಪೈಪು ಕೈಗೆ ತಗೊಂಡಳು. ಬೆರಳಾಡಿಸಿದಳು. ಮೌತ್‌ಪೀಸ್ ಬಾಯ ಹತ್ತಿರಕ್ಕೂ ತಂದಳು. ದೇವರೇ, ಕಚ್ಚಿಕೊಳ್ಳಲಿ, ಇಲ್ಲಿಗೆ ಇದು ಮುಗಿಯಲಿ ಎಂದು ನಾನು ಸೆರಗಿನೊಳಗೆ ಕೈಮುಗಿದೆ.

ಅವಳು ಅದನ್ನು ಕೆಳಗಿಳಿಸಿದಳು.

“ಅಪ್ಪಾ, ಚೆನ್ನಾಗೇ ಮಾಡಿರ್ತೀಯ. ನಂಗೊತ್ತು,” ಎಂದಳು. ಅವಳ ದನಿಯಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. “ಆದ್ರೆ ಅಲ್ಲಿ ಕೆಳಗೆ ಕತ್ಲಲ್ಲಿ ಕತ್ತು ತಿರುಗ್ಸೋವಾಗೆಲ್ಲ ನಾನು ಇದ್ನೇ ಯೋಚ್ನೆ ಮಾಡ್ತಾ ಇರಕ್ಕಾಗಲ್ಲ ಅಪ್ಪ.”

ಆಮೇಲೆ ಕಿರಣ್ ಕುಮಾರ್ ಕಡೆ ತಿರುಗಿ ‘ಅನಿಲ್ ಇಳೀಲಿ ಸರ್, ನಾನು ಹಗ್ಗ ಹಿಡೀತೀನಿ’ ಎಂದಳು. ನನ್ನ ಜೊತೆ ಎರಡು ದಿನ ಜಗಳ ಆಡಿ, ಒಂದು ಸಲ ಫೇಲಾಗಿ, ವರ್ಷ ಕಾದು ಗಿಟ್ಟಿಸಿಕೊಂಡ ಮೊದಲ ಇಳಿತ. ಅದನ್ನು ಬಿಟ್ಟುಕೊಟ್ಟಳು. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ದಂಡೆಯ ಮೇಲೆ ಮಂಡಿಯೂರಿ ಕೂತಳು. ಅನಿಲ್ ಕುಮಾರ್ ನೀರಿಗೆ ಇಳಿದ. ಬೈರಪ್ಪನವರು ಸಿಕ್ಕರು. ಮೇಲೆತ್ತುವಾಗ ಅವರನ್ನು ಮೊದಲು ಹಿಡಿದುಕೊಂಡ ಕೈ ಸ್ಪಂದನಾಳದೇ. ಅವಳು ಮುಖ ತಿರುಗಿಸಲಿಲ್ಲ. ಆ ಹೆಂಗಸಿನ ಪಕ್ಕ ಕೂತು, ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡು, ಬಹಳ ಹೊತ್ತು ಇದ್ದಳು. ಅಪ್ಪ ಯಾವುದನ್ನು ಅವಳ ಕಣ್ಣಿಗೆ ಬೇಡ ಎಂದುಕೊಂಡಿದ್ದರೋ ಅದನ್ನು ಅವಳು ನೋಡಿದಳು, ತಡೆದುಕೊಂಡಳು.

ಇವರು ಪೈಪು ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಾನು ಗಾಡಿಯಲ್ಲಿ ಹಿಂದೆ ಕೂತೆ. ಅವಳಾದರೂ ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು ಎಂದು ಏನೋ ಸಮಾಧಾನಕ್ಕೆ ಹೇಳಿದೆ.

“ಇಲ್ಲ ಕಣೆ, ಸರಿಯಾಗೇ ಮಾಡಿದ್ಳು,” ಎಂದರು. ಗಾಳಿಗೆ ಅವರ ದನಿ ಹರಿದು ಹರಿದು ಬರುತ್ತಿತ್ತು. “ನಂಬ್ಕೆ ಇಲ್ದಿರೋ ಪೈಪು ಕಚ್ಕೊಂಡು ನೀರಿಗೆ ಇಳೀಬಾರ್ದು ಅಂತ ಅವ್ಳಿಗೆ ಹೇಳ್ಕೊಟ್ಟೋನೇ ನಾನು.”

ಅಷ್ಟು ಹೇಳಿ ಗಾಡಿ ಬದಿಗೆ ನಿಲ್ಲಿಸಿದರು. ಹ್ಯಾಂಡಲ್ ಮೇಲೆ ತಲೆ ಇಟ್ಟುಕೊಂಡು ಅತ್ತರು. ತಪ್ಪಾಯಿತು ಕಣವ್ವ, ತಪ್ಪಾಯಿತು ಎಂದು ಮತ್ತೆ ಮತ್ತೆ ಅಂದರು. ತಂಡದ ಜೀಪು ನಮ್ಮನ್ನು ದಾಟಿ ಆಗಲೇ ಮಧುಗಿರಿ ಕಡೆ ಹೋಗಿತ್ತು. ಅಲ್ಲಿ ಅದನ್ನು ಕೇಳಿಸಿಕೊಳ್ಳಲು ನಾನೊಬ್ಬಳೇ ಇದ್ದೆ.